ಲೂಸಿಯಾನದ ಒಲೆ ಹೊತ್ತಿಸಿದವರು

1764ರಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದ ಅಧಿಕಾರಿಗಳು ಕೊಂಬಾ ಎಂಬ ಐವತ್ತು ವರ್ಷದ ಹೆಂಗಸನ್ನು ಕರೆಸಿ ವಿಚಾರಣೆ ಮಾಡಿದರು. ಆಕೆ ಗುಲಾಮಳಾಗಿದ್ದಳು. ಒಂದಷ್ಟು ಬಟ್ಟೆ ಮತ್ತು ಒಂದು ಹಂದಿ ಕಳುವಾಗಿದ್ದವು, ಅದರಲ್ಲಿ ಆಕೆಯ ಕೈಯೂ ಇದೆಯೆಂಬ ಗುಮಾನಿ. ಲೂಯಿ ಎಂಬ ಇನ್ನೊಬ್ಬ ಗುಲಾಮನಿಗೆ ನೀನು ಗಂಬೊ ಕೊಟ್ಟಿದ್ದು ಹೌದೇ ಎಂದು ಕೇಳಿದರು. ಹೌದು, ಕೊಟ್ಟಿದ್ದೆ ಎಂದಳು. ಆ ಪ್ರಶ್ನೆಯೂ ಉತ್ತರವೂ ಫ್ರೆಂಚಿನಲ್ಲಿ ದಾಖಲಾದವು. ಲೂಸಿಯಾನದ ಹಳೆಯ ಕಡತಗಳಲ್ಲಿ ಗಂಬೊ ಎಂಬ ಅಡುಗೆಯ ಹೆಸರು ಇದುವರೆಗೆ ಸಿಕ್ಕಿರುವ ಮಟ್ಟಿಗೆ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ, ಒಬ್ಬ ಗುಲಾಮ ಹೆಂಗಸಿನ ಹೇಳಿಕೆಯಲ್ಲಿ.

ಅಮೆರಿಕದ ಐವತ್ತು ರಾಜ್ಯಗಳಲ್ಲಿ, ಹೆಸರು ಹೇಳಿದ ಕೂಡಲೇ ಇಂಥದೇ ಅಡುಗೆ ಎಂದು ಹೊರಗಿನವರಿಗೂ ನೆನಪಾಗುವ ರಾಜ್ಯಗಳು ಬೆರಳೆಣಿಕೆಯಷ್ಟು. ಆ ಪಟ್ಟಿಯಲ್ಲಿ ಲೂಸಿಯಾನಕ್ಕೆ ಮೊದಲ ಸಾಲಿನಲ್ಲೇ ಜಾಗ. ಗಂಬೊ ಅಂದರೆ ಅನ್ನದ ಮೇಲೆ ಸುರಿದುಕೊಂಡು ಉಣ್ಣುವ ಮಂದವಾದ ಸಾರು. ಅದರಲ್ಲಿ ಸೀಗಡಿ, ಏಡಿ, ಕೋಳಿ, ಹೊಗೆಯಾಡಿಸಿದ ಸಾಸೇಜ್ ಹೀಗೆ ಕೈಗೆ ಸಿಕ್ಕಿದ್ದು ಬೀಳುತ್ತದೆ. ಜಂಬಲಾಯ ಎಂದರೆ ಮಾಂಸ, ಸೀಗಡಿಗಳ ರಸದಲ್ಲಿಯೇ ಬೇಯಿಸಿದ ಅನ್ನ. ಏಟುಫೆ ಎಂದರೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದ ಗೊಜ್ಜಿನಂಥ ಪದಾರ್ಥ. ಈ ಹೆಸರುಗಳನ್ನು ಕೇಳಿದವರು ಸಾಮಾನ್ಯವಾಗಿ ಎರಡು ಕಥೆಗಳಲ್ಲಿ ಒಂದನ್ನು ಕೇಳಿರುತ್ತಾರೆ. ಫ್ರೆಂಚ್ ಬಾಣಸಿಗರು ತಮ್ಮ ಪಾಕಶಾಸ್ತ್ರವನ್ನು ಹೊಸ ನಾಡಿಗೆ ತಂದರು ಎಂಬುದು ಒಂದು. ಕೆನಡಾದಿಂದ ಬಂದ ಕೇಜನ್ನರು ಇದನ್ನು ಕಟ್ಟಿದರು ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಕೊಂಬಾ ಹೇಳಿಕೆ ಕೊಟ್ಟ ವರ್ಷದಲ್ಲಿ ಕೇಜನ್ನರ ಪೂರ್ವಜರು ಲೂಸಿಯಾನಕ್ಕೆ ಬರಲು ಆಗಷ್ಟೇ ಶುರುಮಾಡಿದ್ದರು. ಬಂದವರು ಒಂದು ಕೈಬೆರಳೆಣಿಕೆಯ ಕುಟುಂಬಗಳು ಮಾತ್ರ. ಗಂಬೊ ಆ ಹೊತ್ತಿಗಾಗಲೇ ಬೀದಿಯಲ್ಲಿತ್ತು.

ನ್ಯೂ ಆರ್ಲಿಯನ್ಸ್ ಪಟ್ಟಣ ಹುಟ್ಟಿದ್ದು 1718ರಲ್ಲಿ. ಫ್ರೆಂಚ್ ಅಧಿಕಾರಿ ಬಿಯೆನ್ವಿಲ್ ಮಿಸಿಸಿಪಿ ನದಿ ಬಾಗುವ ಕಡೆ, ಸುತ್ತಲೂ ಜೌಗು ತುಂಬಿದ ಒಂದಿಷ್ಟು ಎತ್ತರದ ನೆಲವನ್ನು ಆರಿಸಿಕೊಂಡ. ರೊಟ್ಟಿ ತಿನ್ನುವ ಜನ ಬಂದು ನೆಲೆಸಿದರು, ಆದರೆ ಆ ಸೆಕೆಗೂ ತೇವಕ್ಕೂ ಗೋಧಿ ಬೆಳೆಯಲಿಲ್ಲ. ಹಿಟ್ಟು ಹಡಗಿನಲ್ಲಿ ಬರಬೇಕು, ಬರುವಷ್ಟರಲ್ಲಿ ಹುಳು ಹಿಡಿಯುತ್ತಿತ್ತು, ಕೆಲವೊಮ್ಮೆ ಹಡಗೇ ಬರುತ್ತಿರಲಿಲ್ಲ. ಮರುವರ್ಷ, 1719ರಲ್ಲಿ, ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡು ಮೊದಲ ಎರಡು ಹಡಗುಗಳು ಬಂದವು. ಆ ಹಡಗುಗಳ ಕಪ್ತಾನರಿಗೆ ಕೊಟ್ಟಿದ್ದ ಆದೇಶ ಉಳಿದುಬಂದಿದೆ: ಬಿತ್ತನೆಗೆಂದು ಮೂರು ನಾಲ್ಕು ಪೀಪಾಯಿ ಭತ್ತ ಕೊಳ್ಳಬೇಕು, ಜೊತೆಗೆ ಭತ್ತದ ಬೇಸಾಯ ಬಲ್ಲ ಕೆಲವು ಆಫ್ರಿಕನ್ನರನ್ನೂ ಕೊಳ್ಳಬೇಕು. ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ಈ ಕಾಗದಗಳನ್ನು ಜೀವಮಾನವಿಡೀ ಹುಡುಕಿ ಓದಿದವರು. ಅವರು ಬರೆದ ಪುಸ್ತಕ 1992ರಲ್ಲಿ ಬಂತು. ಅದು ಬರುವ ತನಕ ಲೂಸಿಯಾನದ ಅಡುಗೆಯ ಕಥೆಯನ್ನು ಬಹುಪಾಲು ಪ್ಯಾರಿಸ್ಸಿನಿಂದ ಶುರುಮಾಡುವುದೇ ವಾಡಿಕೆಯಾಗಿತ್ತು.

ಆ ಆದೇಶವನ್ನು ಇನ್ನೊಮ್ಮೆ ಓದಬೇಕು. ಬೀಜದ ಜೊತೆಗೆ ಬಿತ್ತುವ ವಿದ್ಯೆಯನ್ನೂ ಮನುಷ್ಯರ ರೂಪದಲ್ಲಿ ಖರೀದಿಸಿದರು. ಒಡ್ಡು ಕಟ್ಟುವುದು, ನೀರು ನಿಲ್ಲಿಸುವುದು, ಬಿಡುವುದು, ಒರಳಲ್ಲಿ ಕುಟ್ಟಿ ಹೊಟ್ಟು ತೆಗೆಯುವುದು, ಅಗುಳು ಅಗುಳಾಗಿ ಅನ್ನ ಬಸಿಯುವುದು ಇವೆಲ್ಲ ಫ್ರೆಂಚ್ ಒಡೆಯನಿಗೆ ತಿಳಿಯದ ಕೆಲಸ. 1731ರ ಹೊತ್ತಿಗೆ ಸುಮಾರು 6,000 ಆಫ್ರಿಕನ್ನರನ್ನು ಲೂಸಿಯಾನಕ್ಕೆ ಸಾಗಿಸಲಾಗಿತ್ತು, ಅವರಲ್ಲಿ ಮೂರರಲ್ಲಿ ಎರಡು ಪಾಲು ಸೆನೆಗಾಂಬಿಯ ಪ್ರದೇಶದವರು. ಅದು ಅನ್ನ ಉಣ್ಣುವ ನಾಡು. ಒಂದೇ ಪಾತ್ರೆಯಲ್ಲಿ ಮೀನು, ತರಕಾರಿ, ಸೊಪ್ಪು ಬೇಯಿಸಿ ಅನ್ನದ ಮೇಲೆ ಸುರಿದುಕೊಳ್ಳುವುದು ಅಲ್ಲಿಯ ದಿನದ ಊಟ. ಸಾರು ಮಂದವಾಗಲು ಆಫ್ರಿಕದ ಹಲವೆಡೆ ಬಳಸುತ್ತಿದ್ದದ್ದು ಬೆಂಡೆಕಾಯಿಯ ಲೋಳೆ. ನಾವು ಹುರಿದು ಓಡಿಸಲು ನೋಡುವ ಆ ಲೋಳೆಯನ್ನೇ ಅವರು ಬೇಕೆಂದು ಬಿಡಿಸಿ ಸಾರಿಗೆ ಮೈ ಕೊಟ್ಟರು. ಬೆಂಡೆಗೂ ಗಂಬೊ ಎಂಬ ಹೆಸರಿಗೂ ಮಧ್ಯ ಆಫ್ರಿಕದ ಭಾಷೆಗಳ ನಂಟಿದೆ.

ಬೆಂಡೆ ಇಲ್ಲದ ಚಳಿಗಾಲಕ್ಕೆ ಇನ್ನೊಂದು ದಾರಿಯಿತ್ತು, ಅದನ್ನು ತೋರಿಸಿದವರು ಆ ನೆಲದ ಮೂಲನಿವಾಸಿಗಳಾದ ಚಾಕ್ಟಾ ಜನ. ಅವರು ಸಾಸಫ್ರಾಸ್ ಎಂಬ ಮರದ ಎಲೆಯನ್ನು ಒಣಗಿಸಿ, ಕುಟ್ಟಿ, ನುಣ್ಣಗೆ ಜರಡಿ ಹಿಡಿದ ಹಸಿರು ಪುಡಿಯನ್ನು ನ್ಯೂ ಆರ್ಲಿಯನ್ಸಿನ ಸಂತೆಗೆ ತಂದು ಮಾರುತ್ತಿದ್ದರು. ಅದಕ್ಕೆ ಫಿಲೆ ಎಂದು ಹೆಸರು. ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು. ಕುದಿಯುವಾಗ ಹಾಕಿದರೆ ಸಾರು ನೂಲುನೂಲಾಗಿ ಕೆಟ್ಟುಹೋಗುತ್ತದೆ. ಇಂದಿಗೂ ಅಲ್ಲಿಯ ಮನೆಗಳಲ್ಲಿ ಫಿಲೆ ಹಾಕಿದ ಗಂಬೊ, ಬೆಂಡೆ ಹಾಕಿದ ಗಂಬೊ ಎಂದು ಎರಡು ಪಂಥಗಳಿವೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಬಾರದು ಎನ್ನುವ ಅಜ್ಜಿಯರು ಹೆಚ್ಚು. ಈ ಅಡುಗೆಗೆ ಕೈಜೋಡಿಸಿದವರು ಇನ್ನೂ ಇದ್ದರು. ನದಿಯ ಮೇಲ್ಗಡೆ 1720ರ ದಶಕದಲ್ಲಿ ನೆಲೆನಿಂತ ಜರ್ಮನ್ ರೈತರು ಪಟ್ಟಣಕ್ಕೆ ತರಕಾರಿ, ಹಾಲು, ಹಂದಿಮಾಂಸ ಒದಗಿಸಿದರು.

1760ರ ದಶಕದಲ್ಲಿ ಲೂಸಿಯಾನ ಸ್ಪೇನ್ ದೊರೆಯ ಕೈಗೆ ಹೋಯಿತು, ನಾಲ್ಕು ದಶಕ ಅವನದಾಗಿಯೇ ಇತ್ತು. ಅಡುಗೆಯ ಮಟ್ಟಿಗೆ ಆ ಕಾಲದ ಒಂದು ಕಾನೂನು ಬಹಳ ಮುಖ್ಯ. ಸ್ಪೇನಿನ ಆಡಳಿತದಲ್ಲಿ ಗುಲಾಮರು ಹಣ ಕೂಡಿಟ್ಟು ತಮ್ಮ ಬೆಲೆ ಕಟ್ಟಿ ಬಿಡುಗಡೆ ಪಡೆಯುವ ಹಕ್ಕಿತ್ತು. ಭಾನುವಾರ ಮತ್ತು ಬಿಡುವಿನ ಹೊತ್ತಿನಲ್ಲಿ ಹೆಂಗಸರು ಬುಟ್ಟಿ ಹೊತ್ತು ಬೀದಿಗಿಳಿದರು. ಅವರು ಮಾರುತ್ತಿದ್ದದ್ದರಲ್ಲಿ ಹೆಸರಾದದ್ದು ಕಲಾ. ಮಿಕ್ಕ ಅನ್ನವನ್ನು ಮೆತ್ತಗೆ ಹಿಸುಕಿ, ಹಿಟ್ಟು, ಮೊಟ್ಟೆ, ಸಕ್ಕರೆ, ಜಾಯಿಕಾಯಿ ಬೆರೆಸಿ ಹುದುಗು ಬರಿಸಿ, ಉಂಡೆಯುಂಡೆಯಾಗಿ ಬಿಸಿ ಕೊಬ್ಬಿನಲ್ಲಿ ಕರಿದ ತಿಂಡಿ ಅದು. ಬೆಳ್ಳಂಬೆಳಗ್ಗೆ ಬಿಸಿಬಿಸಿ ಕಲಾ ಎಂದು ಕೂಗಿಕೊಂಡು ಹೋಗುತ್ತಿದ್ದ ಆ ಹೆಂಗಸರಲ್ಲಿ ಕೆಲವರು ಕಾಸಿಗೆ ಕಾಸು ಸೇರಿಸಿ ತಮ್ಮನ್ನು, ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ನ್ಯೂ ಆರ್ಲಿಯನ್ಸಿನ ಸಿಹಿತಿಂಡಿಗಳ ಮಾತು ಬಂದಾಗ ಪ್ರವಾಸಿಗರಿಗೆ ಇಂದು ತೋರಿಸುವುದು ಸಕ್ಕರೆ ಉದುರಿಸಿದ ಫ್ರೆಂಚ್ ಬೆನ್ಯೆಯನ್ನು. ನನ್ನ ಮಟ್ಟಿಗೆ ಆ ಊರಿನ ನಿಜವಾದ ತಿಂಡಿ ಕಲಾ. ಅದು ಮನುಷ್ಯರ ಬಿಡುಗಡೆಗೆ ಹಣ ಒದಗಿಸಿದ ತಿಂಡಿ.

1803ರಲ್ಲಿ ಅಮೆರಿಕ ಲೂಸಿಯಾನವನ್ನು ಕೊಂಡಿತು. 1809ರಲ್ಲಿ, ಹೈಟಿಯ ಕ್ರಾಂತಿಯಿಂದ ಓಡಿ ಕ್ಯೂಬಾದಲ್ಲಿದ್ದ 9,000ಕ್ಕೂ ಹೆಚ್ಚು ನಿರಾಶ್ರಿತರು ಕೆಲವೇ ತಿಂಗಳಲ್ಲಿ ನ್ಯೂ ಆರ್ಲಿಯನ್ಸಿಗೆ ಬಂದಿಳಿದರು. ಬಿಳಿಯರು, ಸ್ವತಂತ್ರ ಕಪ್ಪು ಮತ್ತು ಮಿಶ್ರ ಜನ, ಗುಲಾಮರು ಹೆಚ್ಚು ಕಡಿಮೆ ಮೂರು ಸಮಪಾಲು. ಪಟ್ಟಣದ ಜನಸಂಖ್ಯೆ ಹತ್ತಿರಹತ್ತಿರ ಇಮ್ಮಡಿಯಾಯಿತು. ಕೆರಿಬಿಯನ್ ದ್ವೀಪಗಳ ಖಾರ, ಕಾಳು ಮತ್ತು ಅನ್ನ ಜೊತೆಯಾಗಿ ಉಣ್ಣುವ ರೂಢಿ ಆಗ ಇನ್ನಷ್ಟು ಗಟ್ಟಿಯಾಯಿತು. ಸೋಮವಾರ ಬಟ್ಟೆ ಒಗೆಯುವ ದಿನ. ಬೆಳಗ್ಗೆ ಕೆಂಪು ರಾಜ್ಮಾ ಕಾಳನ್ನು ಭಾನುವಾರದ ಹಂದಿಮಾಂಸದ ಮೂಳೆಯ ಜೊತೆ ಒಲೆ ಮೇಲಿಟ್ಟು ಬಟ್ಟೆ ಒಗೆದು ಬರುವಷ್ಟರಲ್ಲಿ ಅದು ತಾನಾಗಿ ಬೆಂದಿರುತ್ತಿತ್ತು. ಬಟ್ಟೆ ಒಗೆಯುವ ಯಂತ್ರ ಬಂದು ಎಷ್ಟೋ ಕಾಲವಾದರೂ ಸೋಮವಾರ ಆ ಊರಿನ ಹೋಟೆಲುಗಳಲ್ಲಿ ಕೆಂಪು ಕಾಳು-ಅನ್ನ ತಪ್ಪಿಲ್ಲ. ಆ ಊರಲ್ಲೇ ಹುಟ್ಟಿ ಬೆಳೆದ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಪತ್ರಗಳ ಕೊನೆಗೆ ಸಹಿಯ ಮೇಲೆ ಈ ಊಟದ ಹೆಸರನ್ನೇ ಬರೆಯುತ್ತಿದ್ದರು.

ಇನ್ನು ಕೇಜನ್ನರ ಕಥೆ. ಇವರ ಪೂರ್ವಜರು ಫ್ರಾನ್ಸಿನಿಂದ 1600ರ ದಶಕದಲ್ಲಿ ಹೋಗಿ ಇಂದಿನ ಕೆನಡಾದ ನೋವಾ ಸ್ಕೋಶಿಯದಲ್ಲಿ ನೆಲೆಸಿದ ರೈತರು. ಆ ನಾಡಿಗೆ ಅಕೇಡಿಯ ಎಂದು ಹೆಸರಿತ್ತು. ಸಮುದ್ರದ ಉಬ್ಬರವನ್ನು ಒಡ್ಡು ಹಾಕಿ ತಡೆದು, ಉಪ್ಪು ನೆಲವನ್ನು ಗೋಧಿ ಹೊಲ ಮಾಡಿದವರು. 1713ರಲ್ಲಿ ಆ ಪ್ರದೇಶ ಬ್ರಿಟನ್ ಪಾಲಾಯಿತು. ಬ್ರಿಟಿಷ್ ದೊರೆಗೆ ಬೇಷರತ್ತಾಗಿ ನಿಷ್ಠೆಯ ಪ್ರಮಾಣ ಮಾಡಿ ಎಂದರೆ, ಫ್ರೆಂಚರ ಮೇಲೆ ನಾವು ಬಂದೂಕು ಎತ್ತುವುದಿಲ್ಲ ಎಂದು ದಶಕಗಳ ಕಾಲ ನಿರಾಕರಿಸಿದರು. 1755ರ ಸೆಪ್ಟೆಂಬರ್ 5ರಂದು ಗ್ರಾಂ-ಪ್ರೆ ಎಂಬ ಹಳ್ಳಿಯ ಚರ್ಚಿಗೆ ಊರ ಗಂಡಸರನ್ನೂ ಹುಡುಗರನ್ನೂ ಕರೆಸಿದರು. 418 ಮಂದಿ ಬಂದರು. ಬಾಗಿಲು ಹಾಕಿ ಆದೇಶ ಓದಿದರು: ನಿಮ್ಮ ಭೂಮಿ, ಮನೆ, ದನಕರು ಎಲ್ಲ ದೊರೆಗೆ ಸೇರಿದ್ದು, ನಿಮ್ಮನ್ನು ಈ ಪ್ರಾಂತದಿಂದ ಹೊರಗೆ ಸಾಗಿಸಲಾಗುವುದು. ಹಡಗುಗಳು ಹೊರಡುತ್ತಿದ್ದ ಹಾಗೆ ಹಳ್ಳಿಗಳಿಗೆ ಬೆಂಕಿ ಇಟ್ಟರು. ಗಂಡ ಒಂದು ಹಡಗಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. ಮುಂದಿನ ಎಂಟು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಅಟ್ಟಲಾಯಿತು. ಅಮೆರಿಕದ ವಸಾಹತುಗಳಿಗೆ ಕೆಲವರು, ಇಂಗ್ಲೆಂಡಿನ ಸೆರೆಗೆ ಕೆಲವರು, ಫ್ರಾನ್ಸಿಗೆ ಕೆಲವರು. ಸಾವಿರಾರು ಮಂದಿ ಹಡಗುಗಳಲ್ಲಿ, ಶಿಬಿರಗಳಲ್ಲಿ ರೋಗ ಬಂದು ಸತ್ತರು.

1765ರ ಫೆಬ್ರವರಿಯಲ್ಲಿ ಜೋಸೆಫ್ ಬ್ರೂಸಾರ್ ಎಂಬ ಹೋರಾಟಗಾರನ ಮುಂದಾಳುತನದಲ್ಲಿ ಸುಮಾರು 200 ಅಕೇಡಿಯನ್ನರು ನ್ಯೂ ಆರ್ಲಿಯನ್ಸಿಗೆ ಬಂದರು. ಪಟ್ಟಣದಿಂದ ದೂರ, ಪಶ್ಚಿಮದ ಬಾಯೂ ಟೆಶ್ ಎಂಬ ಹಳ್ಳದ ದಂಡೆಯಲ್ಲಿ ಅವರಿಗೆ ಜಾಗ ಕೊಟ್ಟರು. ಬ್ರೂಸಾರ್ ಅದೇ ವರ್ಷ ಅಕ್ಟೋಬರದಲ್ಲಿ ತೀರಿಕೊಂಡ. ಉಳಿದವರು ಬೇರು ಬಿಟ್ಟರು. 1785ರಲ್ಲಿ ಫ್ರಾನ್ಸಿನಿಂದ ಏಳು ಹಡಗುಗಳಲ್ಲಿ ಸುಮಾರು 1,600 ಮಂದಿ ಬಂದು ಸೇರಿಕೊಂಡರು.

ಹಿಮದ ನಾಡಿನಲ್ಲಿ ಗೋಧಿ, ಎಲೆಕೋಸು, ಟರ್ನಿಪ್ ಗೆಡ್ಡೆ, ಸೇಬು ತಿಂದು ಬದುಕಿದ್ದವರಿಗೆ ಇಲ್ಲಿ ಸಿಕ್ಕಿದ್ದು ಕೆಸರು, ಮೊಸಳೆ, ಮೆಕ್ಕೆಜೋಳ, ಭತ್ತ. ಐಸ್ ಇಲ್ಲ, ಮಾಂಸ ಒಂದು ದಿನ ಇಟ್ಟರೆ ಹೋಯಿತು. ಹಾಗಾಗಿ ಹಂದಿ ಕಡಿಯುವುದು ಊರಿನ ಕೆಲಸವಾಯಿತು. ಅದನ್ನು ಬೂಶೆರಿ ಎನ್ನುತ್ತಾರೆ. ಒಂದು ವಾರ ಒಬ್ಬರ ಹಂದಿ, ಮುಂದಿನ ವಾರ ಇನ್ನೊಬ್ಬರದು. ಎಲ್ಲರೂ ಸೇರಿ ಕೆಲಸ ಮಾಡಿ ಪಾಲು ಒಯ್ಯುವುದು. ಚರ್ಮ ಕರಿದು ಕ್ರ್ಯಾಕ್ಲಿನ್, ಭುಜದ ಮಾಂಸಕ್ಕೆ ಖಾರ ಸವರಿ ಹೊಗೆಯಾಡಿಸಿದ ಟಾಸೊ, ಲಿವರ್ ಮತ್ತು ಅನ್ನ ಕೂಡಿಸಿ ಕರುಳಿಗೆ ತುಂಬಿದ ಬೂಡೆನ್. ಏನೂ ಹಾಳಾಗುವಂತಿಲ್ಲ. ಇಂದು ಲೂಸಿಯಾನದ ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿಯೂ ಬಿಸಿ ಬೂಡೆನ್ ಮಾರುತ್ತಾರೆ, ಜನ ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡು ಅಲ್ಲೇ ತಿಂದು ಮುಗಿಸುತ್ತಾರೆ. ಸಾಸೇಜಿನೊಳಗೆ ಅನ್ನ ಹೇಗೆ ಬಂತು ಎಂದು ಯೋಚಿಸಿದರೆ ಈ ಇಡೀ ಚರಿತ್ರೆ ತೆರೆದುಕೊಳ್ಳುತ್ತದೆ. ಕರುಳಿನ ಸಾಸೇಜ್ ಯುರೋಪಿನದು, ಒಳಗಿನ ಅನ್ನದ ಹಿಂದೆ ಆಫ್ರಿಕದ ಭತ್ತದ ಗದ್ದೆಗಳಿವೆ.

ಪಟ್ಟಣದ ಅಡುಗೆಗೆ ಕ್ರಿಯೋಲ್ ಎಂದೂ ಹಳ್ಳಿಯದಕ್ಕೆ ಕೇಜನ್ ಎಂದೂ ಹೆಸರು ನಿಂತಿತು. ಪಟ್ಟಣದವರ ಜಂಬಲಾಯಕ್ಕೆ ಟೊಮೇಟೊ ಬಿದ್ದು ಕೆಂಪಾಗಿರುತ್ತದೆ, ಬೆಣ್ಣೆ, ಕೆನೆ ಧಾರಾಳ. ಹಳ್ಳಿಯವರದು ತಳ ಹಿಡಿಯುವ ತನಕ ಮಾಂಸ ಹುರಿದು ಬಂದ ಕಂದು ಬಣ್ಣ. ಇದನ್ನು ಗೆರೆ ಎಳೆದು ಹೇಳುವಷ್ಟು ನಿಜದ ಅಡುಗೆಮನೆಗಳು ಬೇರೆಬೇರೆಯಾಗಿರಲಿಲ್ಲ. ಹಳ್ಳಿಯಲ್ಲೂ ಅಕೇಡಿಯನ್ನರ ಪಕ್ಕದಲ್ಲೇ ಕಪ್ಪು ಕ್ರಿಯೋಲರು, ಅಂದರೆ ಲೂಸಿಯಾನದಲ್ಲೇ ಹುಟ್ಟಿ ಬೆಳೆದ ಕಪ್ಪು ಜನ, ಇದ್ದರು, ಅದೇ ಫ್ರೆಂಚ್ ಮಾತಾಡುತ್ತ ಅದೇ ಪಾತ್ರೆಯಲ್ಲಿ ಬೇಯಿಸುತ್ತ.

ಎರಡೂ ಕಡೆ ಅಡುಗೆಗೆ ಮೈ ಕೊಡುವುದು ಎರಡು ಸಂಗತಿ. ಒಂದು, ಈರುಳ್ಳಿ, ಸೆಲರಿ ದಂಟು, ದೊಣ್ಣೆಮೆಣಸಿನಕಾಯಿ ಈ ಮೂರನ್ನೂ ಸಣ್ಣಗೆ ಹೆಚ್ಚಿದ ಒಗ್ಗರಣೆ. ಫ್ರಾನ್ಸಿನಲ್ಲಿ ಆ ಮೂರನೆಯ ಜಾಗದಲ್ಲಿ ಕ್ಯಾರೆಟ್ ಇರುತ್ತದೆ, ಇಲ್ಲಿ ಅದು ದೊಣ್ಣೆಮೆಣಸಿನಕಾಯಿಗೆ ಜಾಗ ಬಿಟ್ಟಿತು. ಇನ್ನೊಂದು ರೂ. ಬೀಡಿನ ದಪ್ಪ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಅಷ್ಟೇ ಅಳತೆಯ ಗೋಧಿ ಹಿಟ್ಟು ಹಾಕಿ ಮರದ ಸೌಟಿನಲ್ಲಿ ಕೈಬಿಡದೆ ತಿರುವಬೇಕು. ಮೊದಲು ಬಿಳಿ ಗಂಜಿಯ ಹಾಗಿರುತ್ತದೆ, ಹಸಿ ಹಿಟ್ಟಿನ ವಾಸನೆ. ಹತ್ತು ನಿಮಿಷಕ್ಕೆ ಹೊಂಬಣ್ಣ, ಹುರಿದ ಕಡಲೆಕಾಯಿಯ ಪರಿಮಳ. ಅಲ್ಲಿಂದ ಮುಂದೆ ತಾಮ್ರದ ಬಣ್ಣ, ಆಮೇಲೆ ಚಾಕೊಲೇಟಿನ ಕಂದು. ಮುಕ್ಕಾಲು ಗಂಟೆ ಹಿಡಿಯಬಹುದು. ಮೈಸೂರು ಪಾಕ್ ತಿರುವುವಾಗ ಹೇಗೆ ಬಾಗಿಲು ಬಡಿದರೂ ಎದ್ದು ಹೋಗಲಾಗದೋ ಹಾಗೆಯೇ ಇದೂ. ಒಂದು ಹನಿ ಕೈಮೇಲೆ ಸಿಡಿದರೆ ಅಂಟಿಕೊಂಡು ಸುಡುತ್ತದೆ. ಕರಿಚುಕ್ಕೆ ಕಂಡಿತೆಂದರೆ ಸೀದಿದೆ ಎಂದೇ ಅರ್ಥ, ಚೆಲ್ಲಿ ಮತ್ತೆ ಶುರು ಮಾಡಬೇಕು. ಬೇಕಾದ ಬಣ್ಣ ಬಂದ ಕ್ಷಣ ಹೆಚ್ಚಿದ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಸುರಿದರೆ ಚೊಂಯ್ ಎಂದು ಹಬೆಯೆದ್ದು ಹಿಟ್ಟು ಹುರಿಯುವುದು ಅಲ್ಲಿಗೆ ನಿಲ್ಲುತ್ತದೆ. ಫ್ರೆಂಚ್ ಪಾಕಶಾಸ್ತ್ರದಲ್ಲಿ ರೂ ಸಾಮಾನ್ಯವಾಗಿ ಬೆಣ್ಣೆಯಲ್ಲಿ ಮಾಡುವ ತಿಳಿಬಣ್ಣದ ವಸ್ತು, ಸಾಸನ್ನು ಮಂದ ಮಾಡುವುದಷ್ಟೇ ಅದರ ಕೆಲಸ. ಲೂಸಿಯಾನದವರು ಅದನ್ನು ಸೀಯುವ ಅಂಚಿನವರೆಗೆ ಒಯ್ದು ರುಚಿಯೇ ಅದರಿಂದ ಬರುವ ಹಾಗೆ ಮಾಡಿದರು. ಈ ಅಡುಗೆಯನ್ನು ಕಣ್ಣುಮುಚ್ಚಿ ಗುರುತಿಸಲು ಸಾಧ್ಯವಾಗುವುದು ಖಾರದಿಂದಲ್ಲ, ಈ ಹುರಿದ ಹಿಟ್ಟಿನ ವಾಸನೆಯಿಂದ ಎಂಬುದು ನನ್ನ ಅಭಿಪ್ರಾಯ.

ಖಾರದ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿದವರು ಬೇರೆ. ಅಮೆರಿಕದ ಅಂತರ್ಯುದ್ಧದಲ್ಲಿ ಬ್ಯಾಂಕ್ ವ್ಯವಹಾರ ಕಳೆದುಕೊಂಡ ಎಡ್ಮಂಡ್ ಮೆಕಿಲೆನ್ನಿ, ಹೆಂಡತಿಯ ಮನೆಯವರ ಏವರಿ ಐಲೆಂಡಿನಲ್ಲಿ ಮೆಣಸಿನಗಿಡ ಬೆಳೆದ. ನಮ್ಮ ಸೂಜಿಮೆಣಸಿನ ಜಾತಿಯದೇ ಗಿಡ. ಆ ಎತ್ತರದ ನೆಲದ ಕೆಳಗೆ ಉಪ್ಪಿನ ಬೆಟ್ಟವೇ ಇತ್ತು. ಮೆಣಸಿಗೆ ಉಪ್ಪು ಬೆರೆಸಿ ಕೊಳೆಹಾಕಿ, ವಿನೆಗರ್ ಸೇರಿಸಿ 1868ರಲ್ಲಿ ಮಾಡಿದ ಸಾಸೇ ಟಬಾಸ್ಕೊ. ಇಂದಿಗೂ ಅದೇ ಮನೆತನದ ಕೈಯಲ್ಲಿದೆ. 1880ರ ದಶಕದಲ್ಲಿ ರೈಲು ಬಂತು. ಅದರ ಹಿಂದೆಯೇ ಮಧ್ಯ-ಪಶ್ಚಿಮದ ಗೋಧಿ ರೈತರು ತಮ್ಮ ಯಂತ್ರಗಳ ಸಮೇತ ಬಂದು ಕ್ರೌಲಿ ಪಟ್ಟಣದ ಸುತ್ತಿನ ಬಯಲನ್ನೆಲ್ಲ ಭತ್ತದ ಗದ್ದೆ ಮಾಡಿದರು. ಅಕ್ಕಿ ಅಗ್ಗವಾಯಿತು, ಬಡವರ ತಟ್ಟೆಗೂ ದಿನಾ ಬಂತು.

ಅಡುಗೆ ಪುಸ್ತಕಗಳೂ ಆಗಲೇ ಬಂದವು. ನ್ಯೂ ಆರ್ಲಿಯನ್ಸಿನಲ್ಲಿ ವಿಶ್ವಮೇಳ ನಡೆದ ಸಮಯದಲ್ಲಿ, 1885ರಲ್ಲಿ, ಎರಡು ಕ್ರಿಯೋಲ್ ಅಡುಗೆ ಪುಸ್ತಕಗಳು ಅಚ್ಚಾದವು. ಒಂದನ್ನು ಸಂಗ್ರಹಿಸಿದವನು ಪತ್ರಕರ್ತ ಲಾಫ್ಕಾಡಿಯೊ ಹರ್ನ್, ಮುಂದೆ ಜಪಾನಿಗೆ ಹೋಗಿ ಅಲ್ಲಿಯವನೇ ಆಗಿ ಹೆಸರಾದವನು. 1900ರಲ್ಲಿ ಪಿಕಾಯೂನ್ ಪತ್ರಿಕೆ ತನ್ನ ದೊಡ್ಡ ಕ್ರಿಯೋಲ್ ಅಡುಗೆ ಪುಸ್ತಕ ತಂದಿತು. ಹಳೆಯ ಕಾಲದ ಕಪ್ಪು ಅಡುಗೆಯವರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ, ಅವರ ಜೊತೆ ವಿದ್ಯೆಯೂ ಹೋಗದಿರಲಿ ಎಂಬ ಕಳಕಳಿ ಅದರ ಮುನ್ನುಡಿಯಲ್ಲಿತ್ತು. ವಿದ್ಯೆ ಯಾರದೆಂದು ಬಲ್ಲವರೇ ಆ ಪುಸ್ತಕ ಮಾಡಿದವರು. ಆದರೂ ಅಡುಗೆ ಮಾಡಿದವರ ಹೆಸರು ಹಾಕಬೇಕೆಂದು ಅವರಿಗೆ ಅನ್ನಿಸಲಿಲ್ಲ. ಅನ್ಯಾಯ ಸಣ್ಣದೆಂದು ಯಾರಿಗಾದರೂ ತೋರಬಹುದು. ಆದರೆ ಮುಂದಿನ ಎಪ್ಪತ್ತು ಎಂಬತ್ತು ವರ್ಷ ಬರೆದವರೆಲ್ಲ ಆ ಪುಸ್ತಕಗಳನ್ನೇ ಆಧರಿಸಿದರು, ಹೆಸರಿಲ್ಲದವರು ಚರಿತ್ರೆಯಿಂದಲೇ ಜಾರಿಹೋದರು.

ಆ ಮೌನವನ್ನು ಮುರಿದವರಲ್ಲಿ ಲೀನಾ ರಿಚರ್ಡ್ ಮೊದಲ ಸಾಲಿನವರು. 1892ರಲ್ಲಿ ಲೂಸಿಯಾನದ ನ್ಯೂ ರೋಡ್ಸ್ ಊರಿನಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು. ಬಿಳಿಯರ ಮನೆಯಲ್ಲಿ ಅಡುಗೆಗಿದ್ದರು. ಆ ಮನೆಯವರು ಬಾಸ್ಟನ್ನಿನ ಹೆಸರಾಂತ ಅಡುಗೆ ಶಾಲೆಗೆ ಕಳಿಸಿದರು. ಮುಂದೆ ಅವರು ನ್ಯೂ ಆರ್ಲಿಯನ್ಸಿನಲ್ಲಿ ಕಪ್ಪು ಯುವಜನರಿಗೆಂದು ತಮ್ಮದೇ ಅಡುಗೆ ಶಾಲೆ ತೆರೆದರು. 1939ರಲ್ಲಿ ಸ್ವಂತ ಖರ್ಚಿನಲ್ಲಿ ತಮ್ಮ ಅಡುಗೆ ಪುಸ್ತಕ ಅಚ್ಚುಹಾಕಿಸಿದರು. ಮರುವರ್ಷ ಅದನ್ನು ಬಾಸ್ಟನ್ನಿನ ದೊಡ್ಡ ಪ್ರಕಾಶಕರು ಮತ್ತೆ ಪ್ರಕಟಿಸಿದರು. 1949ರಲ್ಲಿ ನ್ಯೂ ಆರ್ಲಿಯನ್ಸಿನ ಟೆಲಿವಿಷನ್ನಿನಲ್ಲಿ ಅವರದೇ ಹೆಸರಿನ ಅಡುಗೆ ಕಾರ್ಯಕ್ರಮ ಶುರುವಾಯಿತು. ಕಪ್ಪು ಜನ ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಾಗಿದ್ದ ಕಾಲ ಅದು. ಮರುವರ್ಷ ಅವರು ತೀರಿಕೊಂಡರು.

ಅದೇ ಸಾಲಿಗೆ ಸೇರುವ ಲೀಯಾ ಚೇಸ್ 1946ರಲ್ಲಿ ಮದುವೆಯಾಗಿ ಸೇರಿದ್ದು ಆರ್ಲಿಯನ್ಸ್ ಅವೆನ್ಯೂದ ಡೂಕಿ ಚೇಸ್ ಹೋಟೆಲಿನ ಮನೆತನಕ್ಕೆ. ಸ್ಯಾಂಡ್‌ವಿಚ್ ಮಾರುತ್ತಿದ್ದ ಜಾಗವನ್ನು ಬಿಳಿ ಮೇಜುಬಟ್ಟೆ ಹಾಸಿದ ಕ್ರಿಯೋಲ್ ಊಟದ ಮನೆ ಮಾಡಿದರು. ಕಪ್ಪು-ಬಿಳಿಯರು ಒಟ್ಟಿಗೆ ಕೂತು ಉಣ್ಣುವುದು ಕಾನೂನಿಗೆ ವಿರುದ್ಧವಾಗಿದ್ದಾಗ ನಾಗರಿಕ ಹಕ್ಕುಗಳ ಹೋರಾಟಗಾರರು ಆ ಹೋಟೆಲಿನ ಮಹಡಿಯ ಕೋಣೆಯಲ್ಲಿ ಸೇರಿ, ಗಂಬೊ ಉಣ್ಣುತ್ತ ಮುಂದಿನ ಹೆಜ್ಜೆಗಳನ್ನು ಗೊತ್ತುಮಾಡುತ್ತಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಉಂಡವರು. ಪ್ರತಿ ವರ್ಷ ಈಸ್ಟರ್‌ಗೆ ಮೊದಲಿನ ಗುರುವಾರ ಬಗೆಬಗೆಯ ಸೊಪ್ಪು ಹಾಕಿ ಅವರು ಮಾಡುತ್ತಿದ್ದ ಗಂಬೊ ಉಣ್ಣಲು ಊರಿಗೆ ಊರೇ ಬರುತ್ತಿತ್ತು. 96ನೆಯ ವಯಸ್ಸಿನಲ್ಲಿ, 2019ರಲ್ಲಿ ತೀರಿಹೋಗುವ ತನಕ ಅಡುಗೆಮನೆ ಬಿಟ್ಟವರಲ್ಲ. 1978ರಲ್ಲಿ ನಥಾನಿಯಲ್ ಬರ್ಟನ್ ಮತ್ತು ರೂಡಿ ಲೊಂಬಾರ್ಡ್ ಎಂಬಿಬ್ಬರು ನಗರದ ದೊಡ್ಡ ಹೋಟೆಲುಗಳ ಹಿಂಬಾಗಿಲಲ್ಲಿ ದುಡಿಯುತ್ತಿದ್ದ ಕಪ್ಪು ಪಾಕಪ್ರವೀಣರನ್ನು ಮಾತಾಡಿಸಿ, ಅವರವರ ಹೆಸರಿನಲ್ಲೇ ಅವರ ಅಡುಗೆಯನ್ನು ದಾಖಲಿಸಿದರು. ಅದೂ ಒಂದು ಚರಿತ್ರೆಯ ಪುಸ್ತಕವೇ.

ಹಳ್ಳಿಗಾಡಿನ ಕೇಜನ್ನರಿಗೂ ಅವಮಾನದ ಕಾಲ ಇತ್ತು. ರಾಜ್ಯದ 1921ರ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷೇ ಬೋಧನೆಯ ಭಾಷೆ ಎಂದಿತು. ಫ್ರೆಂಚ್ ಮಾತಾಡಿದ ಮಕ್ಕಳಿಗೆ ಹೊಡೆತ, ಮಂಡಿಯೂರಿಸುವುದು, ಸಾಲುಸಾಲು ತಪ್ಪೊಪ್ಪಿಗೆ ಬರೆಸುವುದು. ಕ್ರಾಫಿಶ್ ತಿನ್ನುವವರು ಎಂಬುದು ಬೈಗುಳವಾಗಿತ್ತು. ಕ್ರಾಫಿಶ್ ಎಂದರೆ ಗದ್ದೆ, ಜೌಗಿನ ಕೆಸರಿನಲ್ಲಿ ಬಿಲ ತೋಡಿಕೊಂಡು ಬದುಕುವ, ಏಡಿಯಂಥ ಕೊಂಡಿಗಳಿರುವ ಸೀಗಡಿಯ ನೆಂಟ. ಬಡವರು ಹಿಡಿದು ತಿನ್ನುತ್ತಿದ್ದ ಇದು ಹೆಮ್ಮೆಯ ವಸ್ತುವಾದದ್ದು 1959ರಲ್ಲಿ ಬ್ರೋ ಬ್ರಿಜ್ ಎಂಬ ಊರಿಗೆ ರಾಜ್ಯದ ಶಾಸನಸಭೆ ಜಗತ್ತಿನ ಕ್ರಾಫಿಶ್ ರಾಜಧಾನಿ ಎಂಬ ಬಿರುದು ಕೊಟ್ಟ ಮೇಲೆ. ಮರುವರ್ಷವೇ ಅಲ್ಲಿ ಕ್ರಾಫಿಶ್ ಜಾತ್ರೆ ಆರಂಭವಾಯಿತು. ರೈತರು ಭತ್ತ ಕೊಯ್ದ ಗದ್ದೆಗೆ ಚಳಿಗಾಲದಲ್ಲಿ ಮತ್ತೆ ನೀರು ನಿಲ್ಲಿಸಿ ಅದೇ ಗದ್ದೆಯಲ್ಲಿ ಕ್ರಾಫಿಶ್ ಹಿಡಿಯತೊಡಗಿದರು. ಒಂದೇ ನೆಲ, ಎರಡು ಫಸಲು. 1968ರಲ್ಲಿ ಫ್ರೆಂಚ್ ಭಾಷೆಯ ಉಳಿವಿಗೆಂದು ಸರ್ಕಾರವೇ ಒಂದು ಮಂಡಳಿ ಮಾಡಿತು. ಅಷ್ಟರಲ್ಲಿ ಒಂದು ತಲೆಮಾರು ಭಾಷೆ ಮರೆತಿತ್ತು, ಅಡುಗೆ ಮಾತ್ರ ಮರೆತಿರಲಿಲ್ಲ.

ಆ ಅಡುಗೆಯನ್ನು ಜಗತ್ತಿಗೆ ತೋರಿಸಿದವರು ಪಾಲ್ ಪ್ರುಡೋಮ್. ಒಪೆಲೂಸಸ್ ಸಮೀಪದ ಗೇಣಿ ರೈತನ ಹದಿಮೂರು ಮಕ್ಕಳಲ್ಲಿ ಕಡೆಯವರು. ಮನೆಯಲ್ಲಿ ಫ್ರಿಜ್ ಇರಲಿಲ್ಲ, ಅಂದು ಕಿತ್ತದ್ದನ್ನು ಅಂದೇ ಬೇಯಿಸುತ್ತಿದ್ದ ತಾಯಿಯ ಪಕ್ಕದಲ್ಲಿ ನಿಂತು ಕಲಿತವರು. 1979ರಲ್ಲಿ ನ್ಯೂ ಆರ್ಲಿಯನ್ಸಿನ ಫ್ರೆಂಚ್ ಕ್ವಾರ್ಟರಿನಲ್ಲಿ ಹೆಂಡತಿಯ ಜೊತೆ ಕೆ-ಪಾಲ್ಸ್ ಎಂಬ ಸಣ್ಣ ಹೋಟೆಲು ತೆರೆದರು. ಕೆಂಪಗೆ ಕಾದ ಬೀಡಿನ ಬಾಣಲೆಗೆ ಬೆಣ್ಣೆ, ಮಸಾಲೆ ಸವರಿದ ರೆಡ್‌ಫಿಶ್ ಮೀನನ್ನು ಹಾಕಿ ಹೊರಮೈ ಕಪ್ಪಾಗುವ ಹಾಗೆ ಮಾಡುತ್ತಿದ್ದ ಪದಾರ್ಥ ದೇಶಕ್ಕೆ ದೇಶವನ್ನೇ ಹುಚ್ಚು ಹಿಡಿಸಿತು. ಅಕೇಡಿಯನ್ ಅಜ್ಜಿಯರು ಯಾರೂ ಅದನ್ನು ಮಾಡಿದವರಲ್ಲ. ಅದು ಪ್ರುಡೋಮ್ ಅವರ ಸ್ವಂತ ಸೃಷ್ಟಿ. ಅಮೆರಿಕದ ಹೋಟೆಲುಗಳೆಲ್ಲ ಅದನ್ನೇ ಮಾಡಹೊರಟಾಗ ಮೆಕ್ಸಿಕೊ ಕೊಲ್ಲಿಯ ರೆಡ್‌ಫಿಶ್ ಬರಿದಾಗುತ್ತ ಬಂತು. 1980ರ ದಶಕ ಮುಗಿಯುವಷ್ಟರಲ್ಲಿ ಅದನ್ನು ಮಾರಾಟಕ್ಕೆ ಹಿಡಿಯುವುದನ್ನೇ ಸರ್ಕಾರ ನಿಷೇಧಿಸಬೇಕಾಯಿತು. ಒಂದು ಸೀಮೆಯ ಅಡುಗೆ ಹೆಸರಾದಾಗ ಅದರ ಬೆಲೆಯನ್ನು ಆ ಸೀಮೆಯ ನೀರು ತೆತ್ತ ಸಂಗತಿ ಇದು. ಹಾಗೆಂದು ಪ್ರುಡೋಮ್ ಅವರ ಸಾಧನೆ ಸಣ್ಣದಾಗುವುದಿಲ್ಲ. 1984ರಲ್ಲಿ ಬಂದ ಅವರ ಪುಸ್ತಕ ಅಳತೆ, ಉರಿ, ಸಮಯ, ಬಣ್ಣ ಎಲ್ಲವನ್ನೂ ಬಿಡಿಸಿ ಹೇಳಿ ಸಾವಿರಾರು ಮನೆಗಳಿಗೆ ರೂ ಮಾಡುವುದನ್ನು ಕಲಿಸಿತು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದು ಒಡ್ಡುಗಳು ಒಡೆದಾಗ ನಗರದ ನೂರಕ್ಕೆ ಎಂಬತ್ತು ಭಾಗ ಮುಳುಗಿತು. ಮನೆಗಳ ಜೊತೆ ಅಡುಗೆ ಬರೆದಿಟ್ಟ ನೋಟ್‌ಬುಕ್ಕುಗಳೂ ಪತ್ರಿಕೆಯಿಂದ ಕತ್ತರಿಸಿಟ್ಟ ಚೂರುಗಳೂ ಕೊಳೆತುಹೋದವು. ಊರಿಗೆ ಮರಳಿದ ಜನ ಟೈಮ್ಸ್-ಪಿಕಾಯೂನ್ ಪತ್ರಿಕೆಗೆ ಬರೆದರು: ನಮ್ಮ ಅಮ್ಮ ಮಾಡುತ್ತಿದ್ದ ಇಂಥ ಅಡುಗೆಯ ಕ್ರಮ ನಿಮ್ಮಲ್ಲಿ ಬಂದಿತ್ತು, ಇನ್ನೊಮ್ಮೆ ಕೊಡಿ. ಗೊತ್ತಿದ್ದ ಓದುಗರು ಗೊತ್ತಿಲ್ಲದವರಿಗೆ ಬರೆದು ಕಳಿಸಿದರು. ಅವೆಲ್ಲ ಸೇರಿ 2008ರಲ್ಲಿ ಪುಸ್ತಕವಾಯಿತು. ಡೂಕಿ ಚೇಸ್ ಹೋಟೆಲಿಗೂ ನೀರು ನುಗ್ಗಿತ್ತು, ಮತ್ತೆ ತೆರೆಯಲು ಎರಡು ವರ್ಷ ಹಿಡಿಯಿತು.

ಈ ಅಡುಗೆಗೆ ಹೊಸಬರು ಸೇರುವುದು ನಿಂತಿಲ್ಲ. 1975ರ ನಂತರ ಯುದ್ಧದಿಂದ ತಪ್ಪಿಸಿಕೊಂಡು ಬಂದ ವಿಯೆಟ್ನಾಮಿಗಳು ಕೊಲ್ಲಿಯ ಸೀಗಡಿ ದೋಣಿಗಳಲ್ಲಿ ದುಡಿಮೆ ಕಂಡುಕೊಂಡರು. ಮುಂದೆ ಅವರ ಮಕ್ಕಳು ಬೇಯಿಸಿದ ಕ್ರಾಫಿಶ್ ಮೇಲೆ ಬೆಳ್ಳುಳ್ಳಿ-ಬೆಣ್ಣೆ ಸುರಿದು ಕೊಡತೊಡಗಿದರು. ಲೂಸಿಯಾನದ ಹಳಬರು ಮೊದಲು ಹುಬ್ಬೇರಿಸಿದರು, ಈಗ ಕೈ ನೆಕ್ಕಿಕೊಂಡು ತಿನ್ನುತ್ತಾರೆ.

ಅಪಾಯ ಇರುವುದು ನೀರಿನಲ್ಲಿ. 1930ರ ದಶಕದಿಂದ ಈಚೆಗೆ ಲೂಸಿಯಾನದ ಕರಾವಳಿಯ ಸುಮಾರು 5,000 ಚದರ ಕಿ.ಮೀ. ನೆಲ ಸಮುದ್ರದ ಪಾಲಾಗಿದೆ. ನದಿಗೆ ಕಟ್ಟಿದ ಒಡ್ಡುಗಳು ಹೊಸ ಮಣ್ಣು ಬಂದು ಬೀಳುವುದನ್ನು ತಡೆದವು, ತೈಲ ಕಂಪನಿಗಳು ಕೊರೆದ ಕಾಲುವೆಗಳು ಉಪ್ಪುನೀರನ್ನು ಒಳಕ್ಕೆ ಬಿಟ್ಟವು. ಸಿಂಪಿ, ಸೀಗಡಿ ಮರಿ ಬೆಳೆಯುವುದು ಆ ಜೌಗಿನಲ್ಲೇ. ಉಳಿದ ಸೀಗಡಿ ಮೀನುಗಾರರನ್ನು ಆಮದು ಸೀಗಡಿಯ ಅಗ್ಗದ ಬೆಲೆ ಹಿಂಡುತ್ತಿದೆ. ಈಚಿನ ವರ್ಷಗಳಲ್ಲಿ ಅಮೆರಿಕಕ್ಕೆ ಬಹಳ ಸೀಗಡಿ ಕಳಿಸಿದ ದೇಶಗಳಲ್ಲಿ ನಮ್ಮದೂ ಒಂದು, ಅದರ ದೊಡ್ಡ ಪಾಲು ಆಂಧ್ರದ ಸಾಕಣೆ ಕೊಳಗಳದು. ಹೋಟೆಲಿನಲ್ಲಿ ಬಡಿಸುವ ಸೀಗಡಿ, ಕ್ರಾಫಿಶ್ ಹೊರದೇಶದ್ದಾದರೆ ಗಿರಾಕಿಗೆ ತಿಳಿಸಲೇಬೇಕೆಂದು ಲೂಸಿಯಾನ 2019ರಲ್ಲಿ ಕಾನೂನು ಮಾಡಿತು.

ಈ ಅಡುಗೆಯ ಹೆಸರು ಈಗ ನಮ್ಮಲ್ಲಿಗೂ ಬಂದಿದೆ. ನ್ಯೂ ಆರ್ಲಿಯನ್ಸಿನ ಹೊರವಲಯದಲ್ಲಿ 1972ರಲ್ಲಿ ಶುರುವಾದ ಪಪಾಯ್ಸ್ ಎಂಬ ಕರಿದ ಕೋಳಿಯ ಅಂಗಡಿ 2022ರ ಜನವರಿಯಲ್ಲಿ ಭಾರತಕ್ಕೆ ಬಂದದ್ದು ಬೆಂಗಳೂರಿನ ಕೋರಮಂಗಲದ ಮೂಲಕ. ಕೆಫೆಗಳಲ್ಲಿ ಆಲೂಗಡ್ಡೆ ಚಿಪ್ಸಿನ ಮೇಲೂ ಕೇಜನ್ ಎಂಬ ಪುಡಿ ಉದುರಿಸಿ ಕೊಡುತ್ತಾರೆ. ಅದರಲ್ಲಿರುವುದು ಬಹುಪಾಲು ಖಾರ, ಉಪ್ಪು, ಬೆಳ್ಳುಳ್ಳಿ ಪುಡಿ. ನಿಜವಾದ ರುಚಿ ನೋಡಬೇಕೆಂದಿರುವವರಿಗೆ ಒಂದು ಮಾತು. ಸೀಗಡಿ, ಏಡಿ ಮಲ್ಪೆಯಲ್ಲೂ ಕಾರವಾರದಲ್ಲೂ ಸಿಗುತ್ತವೆ, ಬೆಂಡೆ, ಅಕ್ಕಿ, ದೊಣ್ಣೆಮೆಣಸಿನಕಾಯಿ ಎಲ್ಲ ಊರಲ್ಲೂ ಇವೆ, ಸೆಲರಿ ನಗರದ ತರಕಾರಿ ಅಂಗಡಿಯಲ್ಲಿ ಸಿಗುತ್ತದೆ. ದಪ್ಪ ತಳದ ಪಾತ್ರೆ ಇಡಿ, ಹಿಟ್ಟನ್ನು ಅರ್ಧಕ್ಕೇ ಇಳಿಸದೆ ಚಾಕೊಲೇಟಿನ ಬಣ್ಣ ಬರುವ ತನಕ ಹುರಿಯಿರಿ. ಮಾಡಿ ಬಡಿಸುವಾಗ ಇದು ಫ್ರೆಂಚ್ ಅಡುಗೆ ಎಂದು ಹೇಳಬೇಡಿ. ಲೀನಾ ರಿಚರ್ಡ್, ಲೀಯಾ ಚೇಸ್ ಅವರ ಹೆಸರನ್ನು ಹೇಳಿ.